ಓಟ ನಿಂತಮೇಲೆ ಮನಸ್ಸು ಮತ್ತೆ ಕುಸಿಯುತ್ತಿದೆ, ಏನು ಮಾಡಲಿ?

ಪ್ರಶ್ನೆ:
ಎರಡು ವರ್ಷದಿಂದ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ದಿನಾ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಓಡುತ್ತಿದ್ದೆ, ಅದರಿಂದ ರಾತ್ರಿ ನಿದ್ದೆ ಬರುತ್ತಿತ್ತು, ಊಟ ರುಚಿಸುತ್ತಿತ್ತು. ಈಗ ಮಂಡಿ ನೋವು, ಮೂರು ವಾರದಿಂದ ಓಟ ಇಲ್ಲ. ಶೂ ಬಾಗಿಲ ಪಕ್ಕದಲ್ಲೇ ಇದೆ, ಅಡಿಗಂಟಿದ ಕೆಮ್ಮಣ್ಣು ಒಣಗಿ ಉದುರುತ್ತಿದೆ. ನೋಡಿದರೆ ಸುಮ್ನೆ ಅಳು ಬರುತ್ತದೆ. ಓಡದೆ ಇರುವುದಕ್ಕೇ ಹೀಗಾ?

ಉತ್ತರ 1:
ನನಗೂ ಆಗಿತ್ತು. ದಿನಾ ಓಡುವವರು ದಿಢೀರನೆ ನಿಲ್ಲಿಸಿದರೆ ಮನಸ್ಸು ಕುಗ್ಗುವುದುಂಟು. ಫಿಸಿಯೋ ಹತ್ತಿರ ಕೇಳಿ ನಾನು ಈಜಲು ಶುರುಮಾಡಿದೆ.

ಉತ್ತರ 2:
ಓಟವೇ ಬೇಕೆಂದಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಿನ್ನತೆಯಿದ್ದ 156 ಜನ ಇದ್ದರು, ಎಲ್ಲರೂ 50 ದಾಟಿದವರು. 16 ವಾರ ವ್ಯಾಯಾಮ ಮಾಡಿದವರೂ ಮಾತ್ರೆ ತೆಗೆದುಕೊಂಡವರೂ ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಸುಧಾರಿಸಿದರು. ಅದರಲ್ಲಿ ಜೋರು ನಡಿಗೆಯೂ ಇತ್ತು. ಹಾಗಂತ ಮಾತ್ರೆ ಮಾತ್ರ ನೀವಾಗಿ ಬಿಡಬೇಡಿ, ದಯವಿಟ್ಟು.

ಉತ್ತರ 3:
ಅಳು ಜಾಸ್ತಿಯಾಗಿದೆ ಅಂತ ನಿಮ್ಮ ಡಾಕ್ಟರಿಗೆ ಇವತ್ತೇ ಹೇಳಿ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಡಾಕ್ಟರಿಗೆ ಫೋನ್ ಮಾಡಿದೆ, ನಾಳೆ ಹತ್ತಕ್ಕೆ ಬರಲು ಹೇಳಿದ್ದಾರೆ.