ಡ್ರೆಸ್ಸಿಂಗ್ ಮಾಡುವಾಗ ಮಗುವಿಗೆ ವಿಆರ್ ಕನ್ನಡಕ ಹಾಕಬಹುದಾ? ಅರಿವಳಿಕೆ ತಜ್ಞರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಒಬ್ಬ ತಂದೆ, ದಾವಣಗೆರೆ): ನಮಸ್ತೆ ಮೇಡಂ. ನನ್ನ ಮಗಳಿಗೆ 8 ವರ್ಷ. ಕುದಿಯುವ ಸಾರು ತೊಡೆ ಮೇಲೆ ಚೆಲ್ಲಿ ಸುಟ್ಟಿದೆ. ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಆಸ್ಪತ್ರೆ ಗೇಟು ಕಂಡರೆ ಸಾಕು, ಅಳು ಶುರು. ಮೂರು ಜನ ಸೇರಿ ಹಿಡಿದುಕೊಳ್ಳಬೇಕು. ನನ್ನ ಭಾವಮೈದ ಒಂದು ವಿಡಿಯೊ ಕಳಿಸಿದ್ದಾನೆ. ಯಾವುದೋ ವಿದೇಶದ ಆಸ್ಪತ್ರೆ, ಮಗು ವಿಆರ್ ಕನ್ನಡಕ ಹಾಕಿಕೊಂಡು ಆಡುತ್ತಿದೆ, ಈ ಕಡೆ ನರ್ಸ್ ಡ್ರೆಸ್ಸಿಂಗ್ ಮಾಡುತ್ತಿದ್ದಾರೆ. ಇದು ನಿಜವಾ? ಒಂದು ಕೊಂಡು ತರಲಾ?

ಉತ್ತರ (ಅರಿವಳಿಕೆ ತಜ್ಞೆ): ನಿಜ. ವಿಆರ್ ಅಂದರೆ ವರ್ಚುವಲ್ ರಿಯಾಲಿಟಿ, ಕಣ್ಣಿಗೆ ಹಾಕಿಕೊಂಡರೆ ಸುತ್ತಲೂ ಕಂಪ್ಯೂಟರಿನ ಲೋಕವೇ ಕಾಣುವ ಕನ್ನಡಕ, ಹೆಡ್‌ಸೆಟ್ ಅಂತಲೂ ಅನ್ನುತ್ತಾರೆ. ಹೊಸದೂ ಅಲ್ಲ. ಇದು ಶುರುವಾಗಿದ್ದೇ ಸುಟ್ಟ ಗಾಯದ ವಾರ್ಡಿನಲ್ಲಿ. ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್‌ಸನ್ 1990ರ ದಶಕದಲ್ಲೇ ಅಲ್ಲಿನ ಹಾರ್ಬರ್‌ವ್ಯೂ ಆಸ್ಪತ್ರೆಯಲ್ಲಿ ಇದನ್ನು ಪ್ರಯತ್ನಿಸಿದರು. ಮೊದಲು ಅವರ ಕೈಯಲ್ಲಿದ್ದದ್ದು ಜೇಡ ಕಂಡರೆ ಹೆದರುವವರ ಚಿಕಿತ್ಸೆಗೆ ಮಾಡಿದ್ದ ಒಂದು ಅಡುಗೆಮನೆಯ ದೃಶ್ಯ! ಅದನ್ನೇ 16 ಮತ್ತು 17 ವರ್ಷದ ಇಬ್ಬರು ರೋಗಿಗಳಿಗೆ ತೋರಿಸಿದರು. ಹೋಲಿಸಿ ನೋಡಲು ಮಾಮೂಲಿ ನಿಂಟೆಂಡೊ ವಿಡಿಯೊ ಗೇಮನ್ನೂ ಆಡಿಸಿದರು. ವಿಆರ್ ಹಾಕಿಕೊಂಡಾಗ ನೋವು ಬಹಳ ಕಡಿಮೆ ಅನಿಸಿತು ಅಂತ ಇಬ್ಬರೂ ಹೇಳಿದರು. 2000ದಲ್ಲಿ ಆ ವರದಿ ಪ್ರಕಟವಾಯಿತು.

ಆಮೇಲೆ ಸುಟ್ಟ ಗಾಯದವರಿಗೆ ಅಂತಲೇ 'ಸ್ನೋವರ್ಲ್ಡ್' ಎಂಬ ಆಟ ಮಾಡಿದರು. ಹಿಮದ ಕಣಿವೆಯಲ್ಲಿ ತೇಲಿಕೊಂಡು ಹೋಗಬೇಕು, ಹಿಮಮಾನವರಿಗೆ, ಪೆಂಗ್ವಿನ್‌ಗಳಿಗೆ ಹಿಮದುಂಡೆ ಎಸೆಯಬೇಕು. ಡ್ರೆಸ್ಸಿಂಗ್ ಬಿಚ್ಚುವಾಗ ಎಷ್ಟೋ ಜನರಿಗೆ ಸುಟ್ಟ ಆ ಗಳಿಗೆಯೇ ಮತ್ತೆ ಕಣ್ಣ ಮುಂದೆ ಬರುತ್ತದೆ. ಅದಕ್ಕೇ ಬೆಂಕಿಗೆ ಪೂರ್ತಿ ಉಲ್ಟಾ ಆದ ಲೋಕ.

ಆದರೆ ಕೊಂಡು ತರುವ ಮೊದಲು ಒಂದು ವಿಷಯ. ಆ ಆಸ್ಪತ್ರೆಯಲ್ಲಿ ನೋವಿನ ಔಷಧಿ ನಿಲ್ಲಿಸಿ ವಿಆರ್ ಕೊಡಲಿಲ್ಲ. ಔಷಧಿಯ ಜೊತೆಗೆ ಕೊಟ್ಟರು. ನಿಮ್ಮ ಮಗಳನ್ನು ಮೂರು ಜನ ಹಿಡಿದುಕೊಳ್ಳಬೇಕು ಅಂದರೆ ನಾನು ಮೊದಲು ಕೇಳುವುದು ಕನ್ನಡಕದ ವಿಷಯ ಅಲ್ಲ. ಡ್ರೆಸ್ಸಿಂಗ್‌ಗೆ ಮೊದಲು ನೋವಿನ ಔಷಧಿ ಕೊಡುತ್ತಿದ್ದಾರಾ? ಎಷ್ಟು ಹೊತ್ತು ಮೊದಲು?

ಪ್ರಶ್ನೆ (ಅದೇ ತಂದೆ): ಸಿರಪ್ ಕೊಡುತ್ತಾರೆ ಮೇಡಂ. ಒಳಗೆ ಕರೆದ ಮೇಲೆ ಕುಡಿಸುತ್ತಾರೆ.

ಉತ್ತರ: ಅಲ್ಲೇ ಇದೆ ನೋಡಿ. ಬಾಯಲ್ಲಿ ಕೊಟ್ಟ ಔಷಧಿ ಕೆಲಸ ಶುರು ಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಒಳಗೆ ಕುಡಿಸಿ ಅಲ್ಲೇ ಬ್ಯಾಂಡೇಜ್ ಬಿಚ್ಚಿದರೆ, ನೋವೆಲ್ಲ ಮುಗಿದ ಮೇಲೆ ಔಷಧಿ ಹತ್ತುತ್ತದೆ. ಮನೆಯಿಂದ ಹೊರಡುವಾಗಲೇ ಕೊಡಬಹುದಾ, ಎಷ್ಟು ಕೊಡಬೇಕು ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ತೂಕ ನೋಡಿ ಡೋಸ್ ಹೇಳಬೇಕಾಗುತ್ತದೆ, ನೀವಾಗಿ ಕೊಡಬೇಡಿ. ಗಾಯಕ್ಕೆ ಅಂಟಿದ ಬಟ್ಟೆಯನ್ನು ಚೆನ್ನಾಗಿ ನೆನೆಸಿ ತೆಗೆಯಲು ಹೇಳಿ. ಅಂಟದ ಡ್ರೆಸ್ಸಿಂಗ್‌ಗಳೂ ಸಿಗುತ್ತವೆ. ಇಷ್ಟರ ಮೇಲೂ ಮಗು ತಡೆಯದಿದ್ದರೆ ಆಪರೇಷನ್ ಥಿಯೇಟರಿನಲ್ಲಿ ಸ್ವಲ್ಪ ಹೊತ್ತು ಮಂಪರು ಬರಿಸಿ ಡ್ರೆಸ್ಸಿಂಗ್ ಮಾಡುವ ದಾರಿ ಇದೆ. ಅದಕ್ಕೆ ಹೊಟ್ಟೆ ಖಾಲಿ ಇರಬೇಕು.

ಇಷ್ಟು ಸರಿಯಾದ ಮೇಲೆ ವಿಆರ್ ಇದ್ದರೆ ತುಂಬಾ ಒಳ್ಳೆಯದು. ನೋವಿನ ಅರ್ಧ ಭಾಗವೇ ಭಯ, ಅಲ್ವಾ.

ಪ್ರಶ್ನೆ (ಶಿಕ್ಷಕಿ, ಶಿರಸಿ): ಸುಮ್ನೆ ಗಮನ ಬೇರೆ ಕಡೆ ಸೆಳೆಯುವುದು ತಾನೆ? ಅದಕ್ಕೆ ಮೊಬೈಲಿನಲ್ಲಿ ಕಾರ್ಟೂನ್ ಹಾಕಿಕೊಟ್ಟರೆ ಸಾಕಲ್ವಾ?

ಉತ್ತರ: ಗಮನ ಸೆಳೆಯುವುದೇ. ಆದರೆ ಎಷ್ಟು ಸೆಳೆಯುತ್ತದೆ ಅನ್ನುವುದರಲ್ಲಿ ವ್ಯತ್ಯಾಸ ಇದೆ. ಮೊಬೈಲ್ ನೋಡುತ್ತಿರುವ ಮಗುವಿಗೆ ಪಕ್ಕದ ಟ್ರೇ, ಕತ್ತರಿ, ನರ್ಸ್ ಕೈ ಎಲ್ಲಾ ಕಾಣುತ್ತಿರುತ್ತದೆ. ಹೆಡ್‌ಸೆಟ್ ಹಾಕಿದರೆ ಕೋಣೆಯೇ ಮಾಯ. ತಲೆ ತಿರುಗಿಸಿದ ಕಡೆಯೆಲ್ಲಾ ಆ ಲೋಕವೇ. ಜೊತೆಗೆ ಕೈಗೂ ಕೆಲಸ ಇರುತ್ತದೆ.

1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಒಂದು ಮಾತು ಹೇಳಿದ್ದರು. ನೋವಿನ ಸಂದೇಶ ನೇರವಾಗಿ ಮೆದುಳಿಗೆ ಹೋಗುವುದಿಲ್ಲ, ಬೆನ್ನುಹುರಿಯಲ್ಲಿ ಒಂದು ಗೇಟು ಇದ್ದ ಹಾಗೆ ಇರುತ್ತದೆ. ಗಮನ, ಭಯ, ಮೂಡು ಇವೆಲ್ಲ ಮೆದುಳಿನ ಕಡೆಯಿಂದ ಆ ಗೇಟನ್ನು ತೆರೆಯಲೂಬಹುದು, ಮುಚ್ಚಲೂಬಹುದು. ಹಾಫ್‌ಮನ್ ತಂಡ 2004ರಲ್ಲಿ ಆರೋಗ್ಯವಾಗಿದ್ದವರ ಪಾದಕ್ಕೆ ಬಿಸಿ ತಾಗಿಸಿ ಮೆದುಳಿನ ಸ್ಕ್ಯಾನ್ ಮಾಡಿತು. ವಿಆರ್ ನೋಡುತ್ತಿದ್ದಾಗ ನೋವಿಗೆ ಸಂಬಂಧಿಸಿದ ಐದು ಭಾಗಗಳಲ್ಲೂ ಚಟುವಟಿಕೆ ಇಳಿದಿತ್ತು. ಅಂದರೆ ಮಗು ನೋವನ್ನು ಅದುಮಿಟ್ಟುಕೊಂಡು ಸುಮ್ಮನಿರುತ್ತದೆ ಅಂತಲ್ಲ, ನೋವೇ ಕಡಿಮೆ ಗೊತ್ತಾಗುತ್ತದೆ.

ಹಾಗಂತ ಕಾರ್ಟೂನ್ ಕೆಲಸಕ್ಕೆ ಬಾರದ್ದಲ್ಲ. ರಕ್ತ ತೆಗೆಯುವಂಥ ಸಣ್ಣ ಕೆಲಸಕ್ಕೆ ಧಾರಾಳವಾಗಿ ಸಾಕು. ಅದಕ್ಕೆ ಇನ್ನೊಂದು ಉಪಾಯವೂ ಇದೆ. ಚರ್ಮ ಮರಗಟ್ಟಿಸುವ ಕ್ರೀಮ್ ಸಿಗುತ್ತದೆ, ಸೂಜಿ ಚುಚ್ಚುವ ಒಂದು ಗಂಟೆ ಮೊದಲು ಹಚ್ಚಬೇಕು. ಡಾಕ್ಟರನ್ನು ಕೇಳಿಯೇ ಹಚ್ಚಿ. ದಾವಣಗೆರೆಯವರೇ, ಇದನ್ನು ಸುಟ್ಟ ಗಾಯಕ್ಕೆ ಹಚ್ಚಲೇಬೇಡಿ.

ಪ್ರಶ್ನೆ (ಸದಸ್ಯರು, ಬೆಂಗಳೂರು): ನನಗೆ ಎಂಆರ್‌ಐ ಮಾಡಿಸಬೇಕು. ಹೋದ ಸಲ ಅರ್ಧಕ್ಕೇ ಗುಂಡಿ ಒತ್ತಿ ಹೊರಗೆ ಬಂದೆ, ಉಸಿರು ಕಟ್ಟಿದ ಹಾಗಾಯಿತು. ಒಳಗೆ ವಿಆರ್ ಹಾಕಿಕೊಳ್ಳಬಹುದಾ?

ಉತ್ತರ: ಅಂಗಡಿಯಲ್ಲಿ ಸಿಗುವ ಹೆಡ್‌ಸೆಟ್ ಆ ಕೋಣೆಯೊಳಕ್ಕೇ ಬರುವಂತಿಲ್ಲ. ಎಂಆರ್‌ಐ ಯಂತ್ರವೇ ಒಂದು ದೊಡ್ಡ ಅಯಸ್ಕಾಂತ, ಬ್ಯಾಟರಿ ಇರುವ ವಸ್ತು ಒಳಗೆ ಹೋದರೆ ಅಪಾಯ. ಮೇಲೆ ಹೇಳಿದ 2004ರ ಮೆದುಳಿನ ಸ್ಕ್ಯಾನ್‌ಗೆ ಅಯಸ್ಕಾಂತಕ್ಕೆ ಸಿಗದ ಬೇರೆಯದೇ ಕನ್ನಡಕ ಮಾಡಿಸಿದ್ದರು. ನಿಮಗೆ ವಿಆರ್ ಉಪಯೋಗ ಆಗುವುದು ಸ್ಕ್ಯಾನ್‌ಗೆ ಮೊದಲು. ಕೊಳವೆಯೊಳಗೆ ಮಲಗಿದ ಹಾಗೆ, ಆ ಢಬ ಢಬ ಸದ್ದಿನ ಜೊತೆಗೆ ತೋರಿಸುವ ದೃಶ್ಯಗಳಿವೆ. ಮನೆಯಲ್ಲೇ ನೋಡಿ ರೂಢಿ ಮಾಡಿಕೊಳ್ಳಬಹುದು. ಅದು ಸಿಗದಿದ್ದರೆ, ಒಳಗೆ ಹೋಗುವ ಮೊದಲೇ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಳ್ಳಿ. ತಂತ್ರಜ್ಞರಿಗೆ ಭಯ ಇದೆ ಅಂತ ಮೊದಲೇ ಹೇಳಿ, ನಡುನಡುವೆ ಮಾತಾಡಿಸುತ್ತಿರುತ್ತಾರೆ. ಅದೂ ಆಗದಿದ್ದರೆ ನಮ್ಮಂಥವರು ಇದ್ದೇವೆ, ಮಂಪರು ಕೊಟ್ಟು ಮಾಡಿಸಬಹುದು.

ಪ್ರಶ್ನೆ (ಸೊಸೆ, ಹಾಸನ): ಮಾವನವರಿಗೆ ಮೊಣಕಾಲು ಆಪರೇಷನ್, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುತ್ತಾರಂತೆ. 'ಎಚ್ಚರ ಇರುತ್ತೆ, ಗರಗಸದ ಸದ್ದು ಕೇಳಿಸುತ್ತೆ' ಅಂತ ಯಾರೋ ಹೆದರಿಸಿಬಿಟ್ಟಿದ್ದಾರೆ.

ಉತ್ತರ: ಸದ್ದು ಕೇಳಿಸುವುದು ನಿಜ. ನೋವು ಗೊತ್ತಾಗುವುದಿಲ್ಲ. ಇಲ್ಲಿ ವಿಆರ್ ನನಗೆ ನಿಜವಾಗಿಯೂ ಇಷ್ಟ. ಬಾಸ್ಟನ್‌ನಲ್ಲಿ ಕೈ ಆಪರೇಷನ್ ಆಗುತ್ತಿದ್ದ 34 ಜನರನ್ನು ಎರಡು ಗುಂಪು ಮಾಡಿ ನೋಡಿದರು, 2022ರಲ್ಲಿ ಪ್ರಕಟವಾಯಿತು. ಮಾಮೂಲಿ ಗುಂಪಿಗೆ ಮಂಪರಿನ ಔಷಧಿ ಪ್ರೊಪೊಫಾಲ್ ಗಂಟೆಗೆ ಸರಾಸರಿ 750 ಮಿಲಿಗ್ರಾಂ ಹಿಡಿಯಿತು. ವಿಆರ್ ಗುಂಪಿಗೆ 125. ಜಾಗಕ್ಕೆ ಜೋಮು ಹಿಡಿಸುವ ಔಷಧಿಯನ್ನು ಮಾತ್ರ ವಿಆರ್ ಗುಂಪಿನಲ್ಲಿ ಜಾಸ್ತಿ ಜನರಿಗೆ ಮತ್ತೆ ಕೊಡಬೇಕಾಯಿತು, ಅದನ್ನೂ ಹೇಳಬೇಕು. ವಯಸ್ಸಾದವರಿಗೆ ಮಂಪರು ಕಡಿಮೆಯಾದಷ್ಟೂ ನಮಗೆ ನೆಮ್ಮದಿ. ನಿಮ್ಮ ಆಸ್ಪತ್ರೆಯಲ್ಲಿ ಹೆಡ್‌ಸೆಟ್ ಇಲ್ಲದಿದ್ದರೂ ಪರವಾಗಿಲ್ಲ, ಹೆಡ್‌ಫೋನ್‌ನಲ್ಲಿ ಮಾವನವರಿಗೆ ಇಷ್ಟದ ಹಾಡೋ ಹರಿಕಥೆಯೋ ಹಾಕಬಹುದಾ ಅಂತ ಅಲ್ಲಿನ ಅರಿವಳಿಕೆ ಡಾಕ್ಟರನ್ನು ಕೇಳಿ. ಎಷ್ಟೋ ಕಡೆ ಒಪ್ಪುತ್ತಾರೆ.

ಕಾಮೆಂಟ್ (ನಿವೃತ್ತ ಬ್ಯಾಂಕ್ ಉದ್ಯೋಗಿ, ಮಂಗಳೂರು): ಇದೆಲ್ಲ ಬಿಲ್ ಏರಿಸುವ ಹೊಸ ದಾರಿ ಅಷ್ಟೇ.

ಉತ್ತರ: ಸರ್, ಬಿಲ್ಲಿನಲ್ಲಿ 'ವಿಆರ್ ಥೆರಪಿ' ಅಂತ ದೊಡ್ಡ ಮೊತ್ತ ಕಂಡರೆ ಖಂಡಿತ ಪ್ರಶ್ನೆ ಮಾಡಿ. ಪುರಾವೆ ಇನ್ನೂ ಗಟ್ಟಿಯಾಗಿಲ್ಲ ಅನ್ನುವುದೂ ನಿಜ. ಮಕ್ಕಳ ಬಗ್ಗೆ 2020ರಲ್ಲಿ ಕಾಕ್ರೇನ್ ಸಂಸ್ಥೆ 17 ಅಧ್ಯಯನಗಳನ್ನು, 1008 ಮಕ್ಕಳನ್ನು ಒಟ್ಟಿಗೆ ನೋಡಿತು. ಅಧ್ಯಯನಗಳು ಚಿಕ್ಕವು, ಗುಣಮಟ್ಟ ಸಾಲದು ಅಂತಲೇ ಹೇಳಿತು. ಇನ್ನೊಂದು ಕಡೆ 2021ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹಳೆಯ ಬೆನ್ನುನೋವಿಗೆ ಮನೆಯಲ್ಲೇ ಬಳಸುವ 8 ವಾರದ ಒಂದು ವಿಆರ್ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿದೆ, ಅದೂ ಬೇರೆ ಚಿಕಿತ್ಸೆಯ ಜೊತೆಗೆ. ಅದು ಡ್ರೆಸ್ಸಿಂಗ್ ನೋವಿನ ವಿಷಯ ಅಲ್ಲ ಬಿಡಿ, ಆದರೂ ಪೂರ್ತಿ ಬೊಗಳೆ ಅನ್ನಲಾಗುವುದಿಲ್ಲ.

ಪ್ರಶ್ನೆ (ಸ್ಟಾಫ್ ನರ್ಸ್, ಹುಬ್ಬಳ್ಳಿ): ಮೇಡಂ, ಒಬ್ಬರು ಹಾಕಿದ್ದನ್ನು ಇನ್ನೊಬ್ಬರಿಗೆ ಹಾಕುವುದು ಹೇಗೆ? ನಮ್ಮ ವಾರ್ಡಿನಲ್ಲಿ ಇನ್‌ಫೆಕ್ಷನ್‌ದೇ ದೊಡ್ಡ ತಲೆನೋವು.

ಉತ್ತರ: ಒಳ್ಳೆ ಪ್ರಶ್ನೆ, ಜಾಹೀರಾತುಗಳಲ್ಲಿ ಇದು ಬರುವುದೇ ಇಲ್ಲ. ಮುಖಕ್ಕೆ ತಾಗುವ ಸ್ಪಂಜು ಬೆವರು ಹೀರುತ್ತದೆ, ಸರಿಯಾಗಿ ಒರೆಸಲು ಆಗುವುದಿಲ್ಲ. ಒರೆಸಬಹುದಾದ ಸಿಲಿಕೋನ್ ಪ್ಯಾಡ್ ಹಾಕಬೇಕು, ಪ್ರತಿಯೊಬ್ಬರಿಗೂ ಹೊಸ ಕವರ್. ಮುಖ, ತಲೆ ಸುಟ್ಟವರಿಗೆ ಬೇಡವೇ ಬೇಡ. ಫಿಟ್ಸ್ ಇರುವವರಿಗೆ ಡಾಕ್ಟರ್ ಹೇಳದೆ ಹಾಕಬೇಡಿ. ತಲೆಸುತ್ತು, ವಾಕರಿಕೆ ಇದ್ದರೆ ಅವತ್ತಿಗೆ ಬಿಡಿ. ಜೋರಾಗಿ ಓಡುವ ಆಟಕ್ಕಿಂತ ನಿಧಾನವಾಗಿ ತೇಲುವ ದೃಶ್ಯ ವಾಸಿ, ವಾಕರಿಕೆ ಕಡಿಮೆ.

ಪ್ರಶ್ನೆ (ದಾವಣಗೆರೆಯ ತಂದೆ): ಹಾಗಾದರೆ ನಮ್ಮ ಹುಡುಗಿಗೆ ಕೊನೆಗೆ ಏನು ಮಾಡಲಿ ಮೇಡಂ?

ಉತ್ತರ: ಮೊದಲು ಔಷಧಿಯ ಹೊತ್ತು ಸರಿಮಾಡಿಸಿ. ಹೆಡ್‌ಸೆಟ್‌ಗೆ ಈಗಲೇ ದುಡ್ಡು ಹಾಕಬೇಡಿ. ಎಷ್ಟೋ ಕಂಪನಿಗಳು ಚಿಕ್ಕ ಮಕ್ಕಳಿಗೆ ಬೇಡ ಅಂತಲೇ ಬರೆದಿರುತ್ತವೆ, ಮೆಟಾ ಕ್ವೆಸ್ಟ್‌ಗೆ 10 ವರ್ಷ ಆಗಿರಬೇಕು. ಭಾವಮೈದನ ಹತ್ತಿರ ಇದ್ದರೂ ಡಾಕ್ಟರನ್ನು ಕೇಳಿ, ಒಪ್ಪಿದರೆ ಮಾತ್ರ ಮನೆಯಲ್ಲಿ ನಾಲ್ಕೈದು ನಿಮಿಷ ಆಡಿಸಿ ನೋಡಿ. ಡ್ರೆಸ್ಸಿಂಗ್ ಟೇಬಲ್ ಮೇಲೆ ಮೊದಲ ಸಲ ಹಾಕಿದರೆ ಅದಕ್ಕೂ ಹೆದರುತ್ತಾಳೆ. ಕದ್ದುಮುಚ್ಚಿ ಬ್ಯಾಂಡೇಜ್ ಬಿಚ್ಚಬೇಡಿ, 'ಈಗ ನೀರು ಹಾಕ್ತಾರೆ, ಈಗ ತೆಗೀತಾರೆ' ಅಂತ ಹೇಳುತ್ತಿರಿ. ಅವಳು ಬೇಡ ಅಂದರೆ ಹೆಡ್‌ಸೆಟ್ ತೆಗೆದುಬಿಡಿ. ಮತ್ತೆ, ಗಾಯದಿಂದ ಕೆಟ್ಟ ವಾಸನೆ, ಸುತ್ತಲೂ ಕೆಂಪು, ಜ್ವರ ಯಾವುದಾದರೂ ಕಂಡರೆ ಡ್ರೆಸ್ಸಿಂಗ್ ದಿನಕ್ಕೆ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ.