ಅಪ್‌ಡೇಟ್: ಬೀದರಿನ ನಮ್ಮ ಬಡಾವಣೆಗೆ ಗ್ಯಾಸ್ ಗೀಸರ್ ಬೇಡವೆಂದು ತೀರ್ಮಾನಿಸಿದೆವು

ಬೀದರಿನ ಹೊರವಲಯದಲ್ಲಿ ನಾವು ಕೆಲವರು ಸೇರಿ ಕಟ್ಟಿಸುತ್ತಿರುವ 30 ಮನೆಗಳಿಗೆ ಬಿಸಿನೀರಿನ ವ್ಯವಸ್ಥೆ ವಿದ್ಯುತ್ತಿನದಿರಬೇಕೇ, ಗ್ಯಾಸಿನದಿರಬೇಕೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಗ್ಯಾಸ್ ಬೇಡವೆಂದು ನಿರ್ಧರಿಸಿದ್ದೇವೆ.

ಖರ್ಚಿಗಿಂತ ಹೆಚ್ಚಾಗಿ ಗಾಳಿಯ ಪ್ರಶ್ನೆಯೇ ಇದನ್ನು ನಿರ್ಧರಿಸಿತು. ನಮ್ಮ ನಕ್ಷೆಯಲ್ಲಿ ಬಚ್ಚಲುಮನೆಗಳು ಚಿಕ್ಕವು, ಕಿಟಕಿ ಒಂದೇ. ಬೀದರಿನ ಡಿಸೆಂಬರ್ ಚಳಿಯಲ್ಲಿ ಯಾರು ಕಿಟಕಿ ತೆರೆದಿಟ್ಟು ಸ್ನಾನ ಮಾಡುತ್ತಾರೆ? ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೋನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಗೀಸರನ್ನು ಹೊರಗೋಡೆಗೆ ಅಳವಡಿಸಿ ಎಂದು ಒಬ್ಬರು ಸೂಚಿಸಿದ್ದರು, ಸರಿಯಾದ ಮಾತೇ. ಆದರೆ ಮುಂದೆ ಬಾಡಿಗೆಗೆ ಬರುವವರು ಅದನ್ನು ಒಳಗೆ ತರುವುದಿಲ್ಲ ಎಂಬ ಭರವಸೆ ನನಗಿಲ್ಲ. ಮಕ್ಕಳ ಜೀವದ ವಿಷಯದಲ್ಲಿ ಅಷ್ಟು ಅಪಾಯವನ್ನು ನಾನು ಒಪ್ಪಲಾರೆ.

ವಿದ್ಯುತ್ತಿನ ತೊಡಕು ಬೇರೆ. 3 ಕಿಲೋವಾಟ್‌ನ ಇನ್‌ಸ್ಟಂಟ್ ಗೀಸರ್‌ಗಳು ಎಲ್ಲ ಮನೆಗಳಲ್ಲೂ ಬೆಳಿಗ್ಗೆ ಒಟ್ಟಿಗೆ ಚಾಲೂ ಆದರೆ 90 ಕಿಲೋವಾಟ್ ಹೊರೆ. ಟ್ರಾನ್ಸ್‌ಫಾರ್ಮರ್ ಅದಕ್ಕೆ ತಕ್ಕಂತಿರಬೇಕು. ಆದ್ದರಿಂದ ಮುಖ್ಯವಾಗಿ ಚಾವಣಿಯ ಸೋಲಾರ್ ಹೀಟರ್, ಮೋಡದ ದಿನಗಳಿಗೆ 15 ಲೀಟರಿನ, 2 ಕಿಲೋವಾಟ್‌ನ ಗೀಸರ್. ಅಷ್ಟು ನೀರನ್ನು 20 ಡಿಗ್ರಿಯಿಂದ 50ಕ್ಕೆ ಏರಿಸಲು ಸುಮಾರು ಅರ್ಧ ಯೂನಿಟ್ ಸಾಕು. ನಮ್ಮ ಕೊಳವೆಬಾವಿಯ ನೀರು ಗಡಸು. ಚಪ್ಪಟೆ ಫಲಕದ ಸೋಲಾರ್‌ಗಳ ಸಪೂರವಾದ ತಾಮ್ರದ ಕೊಳವೆಗಳಲ್ಲಿ ಸುಣ್ಣ ಬೇಗ ಕಟ್ಟುವುದರಿಂದ ಗಾಜಿನ ಕೊಳವೆಗಳ ಸೋಲಾರನ್ನೇ ಆರಿಸಿದೆವು.

ಪ್ರತಿ ಮನೆಗೂ ಅರ್ಥಿಂಗ್ ಮತ್ತು ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ ಸ್ವಿಚ್) ಕಡ್ಡಾಯವೆಂದು ಗುತ್ತಿಗೆದಾರರ ಒಪ್ಪಂದದಲ್ಲಿ ಬರೆಸಿದ್ದೇವೆ.