ಸಹಾಯ ಬೇಕು: ಕಾಪಿ ಎಡಿಟ್‌ನಲ್ಲಿ ಆಡುಮಾತು ಉಳಿಸಿಕೊಳ್ಳೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ಮೊದಲ ಕಾದಂಬರಿ ಕಾಪಿ ಎಡಿಟ್ (ಪ್ರಕಟಣೆಗೆ ಮುಂಚೆ ಭಾಷೆ, ತಪ್ಪುಗಳನ್ನು ತಿದ್ದುವ ಕೆಲಸ) ಆಗಿ ಬಂದಿದೆ. ಟ್ರ್ಯಾಕ್ ಚೇಂಜಸ್‌ನಲ್ಲಿ (ಫೈಲ್ನಲ್ಲಿ ಪ್ರತಿ ತಿದ್ದುಪಡಿಯನ್ನೂ ಗುರುತು ಮಾಡಿ ತೋರಿಸುವ ಸೌಲಭ್ಯ) ಪುಟದ ತುಂಬಾ ಕೆಂಪು. ಹೆಚ್ಚಿನ ತಿದ್ದುಪಡಿಗಳು ಸರಿಯಾಗಿಯೇ ಇವೆ. 3ನೇ ಅಧ್ಯಾಯದಲ್ಲಿ ಎಡಗೈಗೆ ಆದ ಗಾಯ 11ರಲ್ಲಿ ಬಲಗೈಗೆ ಬಂದಿತ್ತು. 6 ಸಲ ಓದಿದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಕಾಪಿ ಎಡಿಟರ್ ಹಿಡಿದಿದ್ದಾರೆ. ನಿಜಕ್ಕೂ ಋಣಿ.

ತೊಂದರೆ ಇರುವುದು ಮಾತುಕತೆಯಲ್ಲಿ. ಅಜ್ಜಿಯ "ಬತ್ತೀನಿ ಕಣವ್ವ" ಈಗ "ಬರುತ್ತೇನೆ ಕಣಮ್ಮ" ಆಗಿದೆ. ಓದಿದಾಗ ಅಜ್ಜಿಯ ದನಿಯೇ ಹೋದ ಹಾಗೆ ಅನ್ನಿಸಿತು. ಇಂಥವು ನೂರಕ್ಕೂ ಜಾಸ್ತಿ ಇವೆ. ಒಂದೊಂದನ್ನೂ ರಿಜೆಕ್ಟ್ ಮಾಡಿ ಪಕ್ಕದಲ್ಲಿ ಕಾರಣ ಬರೆಯಬೇಕಾ? ಅಥವಾ ಆಡುಮಾತಿನ ಪಟ್ಟಿ ಕೊಟ್ಟು, ಸ್ಟೈಲ್ ಶೀಟ್‌ಗೆ (ಈ ಪುಸ್ತಕದಲ್ಲಿ ಯಾವ ಪದವನ್ನು ಹೇಗೆ ಬರೆಯಬೇಕು ಅನ್ನುವ ಟಿಪ್ಪಣಿ) ಸೇರಿಸಿ ಅಂತ ಒಂದೇ ಸಲ ಕೇಳಬಹುದಾ? ಅನುಭವ ಇರುವವರು ದಯವಿಟ್ಟು ತಿಳಿಸಿ. ಫೈಲ್ ವಾಪಸ್ ಕಳಿಸಲು ಇನ್ನು 10 ದಿನ ಇದೆ.